ಓಪನ್‌ಸ್ಟುಡಿಯೋದಲ್ಲಿ ಕಟ್ಟಡ ಬರೆಯುವುದು: ದಿನಾ ಬಳಸುವವಳ ಅನಿಸಿಕೆ

ಬೆಂಗಳೂರಿನ ಆರ್ಕಿಟೆಕ್ಟ್‌ಗಳಿಂದ ನನಗೆ ಬರುವ ಫೋನ್ ಹೆಚ್ಚುಕಡಿಮೆ ಒಂದೇ ಥರ. "ಮೇಡಂ, ಸ್ಕೆಚಪ್ ಮಾಡೆಲ್ ರೆಡಿ ಇದೆ. ಅದನ್ನೇ ಹಾಕ್ಕೊಂಡು ರನ್ ಮಾಡಿಬಿಡಿ." ಸ್ಕೆಚಪ್ ಅಂದರೆ ಕಂಪ್ಯೂಟರ್‌ನಲ್ಲಿ ಮೂರು ಆಯಾಮದ ಚಿತ್ರ ಬರೆಯುವ ಪ್ರೋಗ್ರಾಂ. ಮಾಡೆಲ್ ತೆಗೆದು ನೋಡಿದರೆ ಒಳಗೆ ಸೋಫಾ ಇದೆ, ಟಿವಿ ಇದೆ, ಪೋರ್ಟಿಕೋದಲ್ಲಿ ಕಾರು ನಿಂತಿದೆ, ಬಾಲ್ಕನಿ ಗ್ರಿಲ್ಲಿನ ಒಂದೊಂದು ಸರಳೂ ದುಂಡಗಿದೆ. ಗೋಡೆಗೆ ಒಳಮುಖ ಬೇರೆ, ಹೊರಮುಖ ಬೇರೆ. ನೋಡಲು ಚೆಂದ. ಕಟ್ಟಡ ಎಷ್ಟು ಬಿಸಿಯಾಗುತ್ತದೆ, ಅದನ್ನು ತಂಪಾಗಿಡಲು ಎಷ್ಟು ಇಂಧನ ಬೇಕು ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಅದಕ್ಕೆ ಈ ಮಾಡೆಲ್‌ನಿಂದ ಸಿಗುವುದು ಅಳತೆ ಮಾತ್ರ. ಕಟ್ಟಡವನ್ನು ಮೊದಲಿಂದ ಮತ್ತೆ ಬರೆಯಲೇಬೇಕು.

ಹಾಗೆ ಬರೆಯಲು ನಮ್ಮ ಪುಟ್ಟ ಆಫೀಸಿನಲ್ಲಿ ಕೆಲವು ವರ್ಷಗಳಿಂದ ಬಳಸುತ್ತಿರುವುದು ಓಪನ್‌ಸ್ಟುಡಿಯೋ. ಅದರಲ್ಲಿ ಕಟ್ಟಡದ ಆಕಾರ ಬರೆಯುವ ಭಾಗ ಹೇಗಿದೆ ಅನ್ನುವುದಷ್ಟೇ ಈ ಬರಹ. ಎಸಿ, ಲೈಟು, ಶೆಡ್ಯೂಲುಗಳಿಗೆ ಕೈ ಹಾಕುವುದಿಲ್ಲ. ಅದು ಬೇರೆಯದೇ ರಾಮಾಯಣ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಈ ಇಂಧನದ ಲೆಕ್ಕ ಮಾಡುವ ಎಂಜಿನ್ ಹೆಸರು ಎನರ್ಜಿಪ್ಲಸ್. ಅಮೆರಿಕದ ಇಂಧನ ಇಲಾಖೆಯ ದುಡ್ಡಿನಲ್ಲಿ ಬೆಳೆದದ್ದು. 2001ರಲ್ಲಿ ಮೊದಲ ಸಲ ಹೊರಬಂತು. ಡಿಒಇ-2, ಬ್ಲಾಸ್ಟ್ ಎಂಬ ಎರಡು ಹಳೆಯ ಪ್ರೋಗ್ರಾಂಗಳ ವಾರಸುದಾರ. ಅದಕ್ಕೆ ಬಟನ್ನು, ಮೆನು ಏನೂ ಇಲ್ಲ. ಒಂದು ಟೆಕ್ಸ್ಟ್ ಫೈಲು ಕೊಟ್ಟರೆ ಇನ್ನಷ್ಟು ಟೆಕ್ಸ್ಟ್ ಫೈಲು ವಾಪಸ್ ಕೊಡುತ್ತದೆ. ಆ ಎಂಜಿನ್‌ಗೆ ಕಟ್ಟಡವನ್ನು ಚಿತ್ರವಾಗಿ ಬರೆದುಕೊಡುವ ದಾರಿಯಾಗಿ ಎನ್‌ಆರ್‌ಇಎಲ್ ಎಂಬ ಅಲ್ಲಿನ ರಾಷ್ಟ್ರೀಯ ಪ್ರಯೋಗಾಲಯ 2008ರಲ್ಲಿ ಓಪನ್‌ಸ್ಟುಡಿಯೋವನ್ನು ಸ್ಕೆಚಪ್‌ನ ಪ್ಲಗಿನ್ (ಅದರೊಳಗೆ ಸೇರಿಕೊಳ್ಳುವ ಸಣ್ಣ ಪ್ರೋಗ್ರಾಂ) ಆಗಿ ತಂದಿತು. ಆಗ ಸ್ಕೆಚಪ್ ಗೂಗಲ್ ಕೈಯಲ್ಲಿತ್ತು. 2012ರಲ್ಲಿ ಟ್ರಿಂಬಲ್ ಕೊಂಡುಕೊಂಡಿತು. 2020ರಿಂದ ಓಪನ್‌ಸ್ಟುಡಿಯೋ ಅಪ್ಲಿಕೇಷನ್ (ಸ್ಕೆಚಪ್ ಇಲ್ಲದೆಯೂ ತೆರೆಯುವ ಪ್ರೋಗ್ರಾಂ) ಮತ್ತು ಪ್ಲಗಿನ್ ಎರಡನ್ನೂ ನೋಡಿಕೊಳ್ಳುತ್ತಿರುವುದು ಓಪನ್‌ಸ್ಟುಡಿಯೋ ಕೊಯಲಿಷನ್ ಎಂಬ ಗುಂಪು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಈ ಪ್ಲಗಿನ್ ಎಷ್ಟು ಕೆಲಸ ಉಳಿಸುತ್ತದೆ ಅಂತ ತಿಳಿಯಬೇಕಾದರೆ ಒಂದು ಕೋಣೆಯನ್ನು ನೋಟ್‌ಪ್ಯಾಡ್‌ನಲ್ಲಿ ಕೈಯಾರೆ ಬರೆದು ನೋಡಬೇಕು. ನಾಲ್ಕು ಗೋಡೆ, ನೆಲ, ತಾರಸಿ, ಒಟ್ಟು 6 ಮುಖ. ಒಂದೊಂದಕ್ಕೆ 4 ಮೂಲೆ. ಒಂದೊಂದು ಮೂಲೆಗೆ 3 ಸಂಖ್ಯೆ. ಅಲ್ಲಿಗೆ 72 ಸಂಖ್ಯೆ, ಕಿಟಕಿ ಬಿಟ್ಟು. ಮೂಲೆಗಳನ್ನು ಬರೆಯುವ ಕ್ರಮಕ್ಕೂ ನಿಯಮ ಇದೆ. ಹೊರಗೆ ನಿಂತು ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಹೋಗಬೇಕು ಅಂತ ಫೈಲಿನ ತಲೆಯಲ್ಲಿ ಹೇಳಿದ್ದರೆ ಎಲ್ಲ ಮುಖಗಳೂ ಹಾಗೇ ಇರಬೇಕು. ನೆಲದ ಮೂಲೆಗಳು ಉಲ್ಟಾ ಆದರೆ ಆ ನೆಲ ಆಕಾಶಕ್ಕೆ ಮುಖ ಮಾಡಿಕೊಂಡು ಮಲಗುತ್ತದೆ. ಎರಡು ಕೋಣೆಗಳ ನಡುವಿನ ಗೋಡೆಯನ್ನು ಎರಡು ಸಲ ಬರೆಯಬೇಕು. ಈ ಕೋಣೆಯ ಲೆಕ್ಕಕ್ಕೆ ಒಮ್ಮೆ, ಆ ಕೋಣೆಯ ಲೆಕ್ಕಕ್ಕೆ ಕನ್ನಡಿಯಂತೆ ತಿರುಗಿಸಿ ಇನ್ನೊಮ್ಮೆ. ಒಂದರಲ್ಲಿ ಇನ್ನೊಂದರ ಹೆಸರು ಬರೆಯಬೇಕು. ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ವಾರ ಇದೇ ಕೆಲಸ ಕೊಡುತ್ತೇನೆ. ಬೈದುಕೊಳ್ಳುತ್ತಾರೆ. ಆದರೆ ಆಮೇಲೆ ಎರರ್ ಫೈಲು ಏನು ಹೇಳುತ್ತಿದೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸ್ಕೆಚಪ್ ಪ್ಲಗಿನ್‌ನಲ್ಲಿ ಇದೇ ಕೋಣೆಗೆ ಅರ್ಧ ನಿಮಿಷ ಸಾಕು. ಹೊಸ ಸ್ಪೇಸ್ (ಇದರ ಭಾಷೆಯಲ್ಲಿ ಕೋಣೆ) ಒಂದನ್ನು ಇಡುತ್ತೀರಿ. ಅದರ ಒಳಗೆ ಹೋಗಿ ನೆಲಕ್ಕೆ ಒಂದು ಚೌಕ ಎಳೆದು ಮೇಲಕ್ಕೆ ಎತ್ತುತ್ತೀರಿ. ಯಾವುದು ಗೋಡೆ, ಯಾವುದು ನೆಲ, ಯಾವುದು ತಾರಸಿ ಅಂತ ಮುಖದ ವಾಲು ನೋಡಿ ಪ್ಲಗಿನ್ನೇ ಹೆಸರಿಡುತ್ತದೆ. ಗೋಡೆ ಮೇಲೆ ಚೌಕ ಎಳೆದರೆ ಅದು ಕಿಟಕಿ. ಆ ಚೌಕದ ಕೆಳಗಿನ ಗೆರೆ ನೆಲದ ಗೆರೆಗೆ ಮುಟ್ಟಿದರೆ ಅದು ಬಾಗಿಲು.

ಈ ಕೊನೆಯ ಜಾಣತನ ಹೊಸಬರಿಗೆ ಉಪಕಾರಕ್ಕಿಂತ ಉಪದ್ರವ ಜಾಸ್ತಿ. ಔಟರ್ ರಿಂಗ್ ರೋಡ್ ಕಡೆಯ ಆಫೀಸ್ ಕಟ್ಟಡಗಳಲ್ಲಿ ಗಾಜು ನೆಲದಿಂದಲೇ ಶುರುವಾಗುತ್ತದೆ ಅಲ್ವಾ? ಅದನ್ನು ಇದ್ದಂತೆ ಬರೆದರೆ ಇಡೀ ಗಾಜು ಬಾಗಿಲಾಗಿ ಕೂರುತ್ತದೆ. ಬಿಸಿಲು ಒಳಗೇ ಬರುವುದಿಲ್ಲ, ಕೂಲಿಂಗ್ ಲೋಡು (ಎಸಿ ಹೊರಹಾಕಬೇಕಾದ ಬಿಸಿ) ಹಾಯಾಗಿ ಇಳಿದಿರುತ್ತದೆ. ಪ್ಲಗಿನ್‌ನ ಇನ್‌ಸ್ಪೆಕ್ಟರ್ ಪಟ್ಟಿ ತೆಗೆದು ಅದನ್ನು ಗ್ಲಾಸ್ ಡೋರ್ ಅಂತ ಬದಲಿಸಬೇಕು. ಇಲ್ಲ, ಒಂದಿಂಚು ಮೇಲಿಂದ ಬರೆಯಬೇಕು. ನಾನು ಎರಡನೆಯದನ್ನೇ ಮಾಡುತ್ತೇನೆ. ಗೋಡೆ ಪೂರ್ತಿ ಗಾಜೇ ಆಗಿದ್ದರೂ ಸುತ್ತಲೂ ಸಣ್ಣ ಅಂಚು ಬಿಡುವುದು ಒಳ್ಳೆಯದು. ಯಾಕೆಂದರೆ ಎನರ್ಜಿಪ್ಲಸ್‌ನಲ್ಲಿ ಕಿಟಕಿ ಯಾವಾಗಲೂ ಒಂದು ಗೋಡೆಯ ಮಗು. ತಾಯಿ ಗೋಡೆಯಲ್ಲಿ ಏನಾದರೂ ಉಳಿದಿರಬೇಕು. ಆ ಕಿಟಕಿಗೆ 3 ಅಥವಾ 4 ಮೂಲೆ ಮಾತ್ರ ಇರಬಹುದು. ದುಂಡು ಕಿಟಕಿ, ಕಮಾನು ಕಿಟಕಿ ಕೇಳಿದರೆ ಅಷ್ಟೇ ಚದರಡಿಯ ಚೌಕ ಬರೆದು ಮುಂದೆ ಹೋಗಿ. ಬಾಗಿದ ಗೋಡೆಗೂ ಅದೇ ಗತಿ, ನಾಲ್ಕೈದು ನೇರ ತುಂಡು.

ಈಗ ನನಗೆ ಈ ಪ್ಲಗಿನ್ ಯಾಕೆ ಇಷ್ಟ ಅನ್ನುವುದಕ್ಕೆ ಬರುತ್ತೇನೆ. ಅದರಲ್ಲಿ ಬಣ್ಣ ಬದಲಿಸುವ ಒಂದು ಬಟನ್ ಇದೆ. ಮಾಮೂಲಿಯಾಗಿ ಗೋಡೆ ಹಳದಿ ಛಾಯೆ, ತಾರಸಿ ಕಡುಗೆಂಪು, ನೆಲ ಬೂದಿ. ಬೌಂಡರಿ ಕಂಡಿಷನ್ ಬಟನ್ ಒತ್ತಿದರೆ ಬಣ್ಣಗಳ ಅರ್ಥವೇ ಬೇರೆಯಾಗುತ್ತದೆ. ಹೊರಗಿನ ಗಾಳಿ ಬಿಸಿಲಿಗೆ ಒಡ್ಡಿಕೊಂಡ ಮುಖ ನೀಲಿ. ಇನ್ನೊಂದು ಕೋಣೆಗೆ ಅಂಟಿದ ಮುಖ ಹಸಿರು. ಮಣ್ಣಿಗೆ ತಾಗಿದ್ದು ಮಣ್ಣಿನದೇ ಬಣ್ಣ. ಎಂಜಿನ್‌ಗೆ ಬೇಕಾಗಿರುವುದು ಇದೇ. ಗೋಡೆ ಎಷ್ಟು ಚೆಂದ ಇದೆ ಅಂತ ಅದು ಕೇಳುವುದಿಲ್ಲ. ಗೋಡೆಯ ಆಚೆ ಏನಿದೆ ಅಂತ ಕೇಳುತ್ತದೆ. ಗೋಡೆಯ ದಪ್ಪವೂ ಚಿತ್ರದಲ್ಲಿ ಬೇಡ. 6 ಇಂಚಿನ ಸಾಲಿಡ್ ಬ್ಲಾಕೋ 8 ಇಂಚಿನದೋ ಅನ್ನುವುದು ಕನ್‌ಸ್ಟ್ರಕ್ಷನ್ ಪಟ್ಟಿಯಲ್ಲಿ ಪದರ ಪದರವಾಗಿ ಹೋಗುತ್ತದೆ. ಚಿತ್ರದಲ್ಲಿ ಗೋಡೆ ಅಂದರೆ ದಪ್ಪವಿಲ್ಲದ ಹಾಳೆ.

ಹಾಗಾಗಿ ಕೋಣೆಗಳನ್ನು ಬರೆದ ಮೇಲೆ ಸರ್ಫೇಸ್ ಮ್ಯಾಚಿಂಗ್ ಮಾಡಲೇಬೇಕು. ಮೊದಲು ಇಂಟರ್‌ಸೆಕ್ಟ್, ಆಮೇಲೆ ಮ್ಯಾಚ್. ಇಂಟರ್‌ಸೆಕ್ಟ್ ಅಂದರೆ ಉದ್ದದ ಗೋಡೆಗೆ ಮೂರು ಸಣ್ಣ ಕೋಣೆ ತಾಗಿದ್ದರೆ ಆ ಗೋಡೆಯನ್ನು ಅಷ್ಟೇ ತುಂಡುಗಳಾಗಿ ಕತ್ತರಿಸುತ್ತದೆ. ಮ್ಯಾಚ್ ಅಂದರೆ ಒಂದೇ ಅಳತೆಯ ಎದುರುಬದುರು ತುಂಡುಗಳಿಗೆ ಗಂಟು ಹಾಕುತ್ತದೆ. ಆಮೇಲೆ ಬಣ್ಣದ ಬಟನ್ ಒತ್ತಿ, ಒಳಗಿನ ಗೋಡೆ ಒಂದಾದರೂ ನೀಲಿಯಾಗಿ ಉಳಿದಿದೆಯಾ ಅಂತ ಕಟ್ಟಡವನ್ನು ತಿರುಗಿಸಿ ತಿರುಗಿಸಿ ನೋಡಬೇಕು. ಎರಡು ಕೋಣೆಗಳ ನಡುವೆ ಕೂದಲೆಳೆ ಸಂದು ಉಳಿದಿದ್ದರೂ ಗಂಟು ಬೀಳುವುದಿಲ್ಲ.

ಹಾಗೆ ನೀಲಿಯಾಗಿ ಉಳಿದರೆ ಏನು ಮಹಾ ಅನ್ನಬೇಡಿ. ಇಸಿಬಿಸಿ 2017 (ಕಟ್ಟಡಗಳ ಇಂಧನ ಉಳಿತಾಯಕ್ಕೆ ನಮ್ಮ ದೇಶದ ನಿಯಮಾವಳಿ) ಹೇಳುವ ಪ್ರಿಸ್ಕ್ರಿಪ್ಟಿವ್ ದಾರಿಯಲ್ಲಿ, ಅಂದರೆ ಒಂದೊಂದು ಭಾಗಕ್ಕೂ ಮಿತಿ ಹಾಕಿಕೊಟ್ಟ ದಾರಿಯಲ್ಲಿ, ಹೊರಗೋಡೆಯಲ್ಲಿ ಕಿಟಕಿಯ ಪಾಲು 40% ದಾಟುವಂತಿಲ್ಲ. ಒಳಗಿನ ನಾಲ್ಕು ಗೋಡೆ ನೀಲಿಯಾದರೆ ಹೊರಗೋಡೆಯ ಒಟ್ಟು ಅಳತೆ ಹಿಗ್ಗುತ್ತದೆ. ಕಿಟಕಿ ಅಷ್ಟೇ ಇರುತ್ತದೆ. 43 ಇದ್ದದ್ದು 37 ಆಗಿ ಕಾಣುತ್ತದೆ. ಕಟ್ಟಡ ಕಾಗದದ ಮೇಲೆ ಪಾಸು. ಬೇರೆಯವರು ಮಾಡಿದ ಇಂಥ ಒಂದು ರಿಪೋರ್ಟು ನನ್ನ ಹತ್ತಿರ ತಿದ್ದಲು ಬಂದಿತ್ತು. ಬಣ್ಣದ ಬಟನ್ ಒತ್ತುತ್ತಿದ್ದಂತೆ ಲಿಫ್ಟಿನ ಸುತ್ತ ಪೂರ್ತಿ ನೀಲಿ. ಕ್ಲೈಂಟ್ ಮುಖವೂ ಸ್ವಲ್ಪ ಹಾಗೇ ಆಯಿತು.

ನಮ್ಮೂರಿನ ಇನ್ನೊಂದು ಸಂಗತಿ ಸ್ಟಿಲ್ಟ್ ಪಾರ್ಕಿಂಗ್. ಕೆಳಗೆ ಕಾರು, ಮೇಲೆ ಮನೆ. ಮೊದಲ ಮಹಡಿಯ ನೆಲದ ಕೆಳಗೆ ಗಾಳಿ ಓಡಾಡುತ್ತದೆ, ಬಿಸಿಲು ಬೀಳುವುದಿಲ್ಲ. ಅಂದರೆ ಆ ನೆಲ ಹೊರಗಿನದು, ಗಾಳಿಗೆ ಹೌದು, ಬಿಸಿಲಿಗೆ ಇಲ್ಲ. ಪ್ಲಗಿನ್ ಇಲ್ಲಿ ಒಂದು ಸರಳ ಸೂತ್ರ ಇಟ್ಟುಕೊಂಡಿದೆ. ಸೊನ್ನೆ ಎತ್ತರದಲ್ಲೋ ಅದಕ್ಕಿಂತ ಕೆಳಗೋ ಇರುವ ನೆಲ ಮಣ್ಣಿಗೆ ತಾಗಿದ್ದು, ಅದಕ್ಕಿಂತ ಮೇಲಿನದು ಹೊರಗಿನದು. ಹಾಗಾಗಿ ಸ್ಟಿಲ್ಟ್ ಕಟ್ಟಡವನ್ನು ಸೋಮಾರಿತನದಿಂದ ಸೊನ್ನೆಯಿಂದಲೇ ಬರೆದರೆ ಮೊದಲ ಮಹಡಿಯೇ ಮಣ್ಣಿನ ಮೇಲೆ ಕೂರುತ್ತದೆ. ಮಣ್ಣಿನ ಉಷ್ಣತೆ ನೀವು ಕೊಡದಿದ್ದರೆ ಎನರ್ಜಿಪ್ಲಸ್ ವರ್ಷವಿಡೀ 18 ಡಿಗ್ರಿ ಅಂತ ಹಿಡಿಯುತ್ತದೆ. ಬೆಂಗಳೂರಿನ ವರ್ಷದ ಸರಾಸರಿಯೇ 24ರ ಆಸುಪಾಸು. ಅಂದರೆ ಏಪ್ರಿಲ್ ಬಿಸಿಲಿನಲ್ಲೂ ಮನೆಯ ನೆಲ ಪುಕ್ಕಟೆಯಾಗಿ ತಂಪು ಕೊಡುತ್ತಿರುತ್ತದೆ. ಅಂಥ ಮನೆ ಎಲ್ಲಾದರೂ ಇದ್ದರೆ ಹೇಳಿ, ನಾನೇ ಬಾಡಿಗೆಗೆ ಬರುತ್ತೇನೆ. ಇಳಿಜಾರಿನ ಸೈಟು, ಅರ್ಧ ಹೂತ ಬೇಸ್‌ಮೆಂಟ್ ಇದ್ದರೆ ಗೋಡೆಯನ್ನು ಮಣ್ಣಿನ ಮಟ್ಟದಲ್ಲಿ ಅಡ್ಡ ಸೀಳಿ ಎರಡು ಮಾಡಬೇಕು. ಈ ಕೆಲಸ ಪ್ಲಗಿನ್ ತಾನಾಗಿ ಮಾಡುವುದಿಲ್ಲ.

ನೆರಳಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಮ್ಮ ಕಡೆ ಹಣ ಉಳಿಯುವುದು ಅಲ್ಲೇ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲು ಬೀಳುವುದಿಲ್ಲ ಅನ್ನುವ ಪಾಠ ದಿಲ್ಲಿಗೆ ಪರವಾಗಿಲ್ಲ, ಇಲ್ಲಿಗೆ ಆಗುವುದಿಲ್ಲ. ಇಸಿಬಿಸಿ 2017 ಇದನ್ನು ಗಮನಿಸಿದೆ. 15 ಡಿಗ್ರಿ ಅಕ್ಷಾಂಶದಿಂದ ಮೇಲಿನ ಊರಲ್ಲಿ ಉತ್ತರದ ಗಾಜಿಗೆ ಎಸ್‌ಎಚ್‌ಜಿಸಿ (ಬಿಸಿಲಿನ ಶಾಖದಲ್ಲಿ ಗಾಜು ಒಳಬಿಡುವ ಪಾಲು) 0.50 ತನಕ ಬಿಡುತ್ತದೆ, ಅದರ ಕೆಳಗಿನ ಊರಲ್ಲಿ ಉಳಿದ ದಿಕ್ಕುಗಳಂತೆ 0.27 ಮಾತ್ರ. ಆ 15ರ ಗೆರೆ ಹೋಗುವುದು ಕರ್ನಾಟಕದ ಹೊಟ್ಟೆಯ ಮೇಲೆ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಆಚೆ. ದಾವಣಗೆರೆ, ಮೈಸೂರು, ಮಂಗಳೂರು ಈಚೆ. ಒಂದೇ ಕಂಪನಿ ಎರಡೂ ಕಡೆ ಒಂದೇ ಡಿಸೈನಿನ ಶೋರೂಂ ಕಟ್ಟಿದರೆ ಗಾಜು ಬೇರೆ ಬೇರೆ ಬರಬಹುದು.

ಹಾಗಾಗಿ ಸಜ್ಜಾಗಳನ್ನು ನಾಲ್ಕೂ ದಿಕ್ಕಿಗೆ ಬರೆಯುತ್ತೇನೆ. ಪ್ಲಗಿನ್‌ನಲ್ಲಿ ನೆರಳಿಗೆ ಮೂರು ಜಾತಿ ಇದೆ. ಕೋಣೆಗೆ ಸೇರಿದ್ದು, ಕಟ್ಟಡಕ್ಕೆ ಸೇರಿದ್ದು, ಸೈಟಿಗೆ ಸೇರಿದ್ದು. ಸಜ್ಜಾ ಕೋಣೆಯದು. ತಾರಸಿ ಮೇಲಿನ ಸೋಲಾರ್ ಚೌಕಟ್ಟು ಕಟ್ಟಡದ್ದು. ಪಕ್ಕದ ಮನೆ ಸೈಟಿನದು. ಈ ವಿಂಗಡಣೆ ಸುಮ್ನೆ ಶಿಸ್ತಿಗೆ ಇಟ್ಟದ್ದು ಅಂದುಕೊಂಡವರೇ ಜಾಸ್ತಿ. ಲೀಡ್ ಎಂಬ ಹಸಿರು ಕಟ್ಟಡ ಪ್ರಮಾಣಪತ್ರದ ಕೆಲಸಕ್ಕೆ ಬಂದರೆ ಗೊತ್ತಾಗುತ್ತದೆ. ಆಶ್ರೇ 90.1 ಎಂಬ ಅಮೆರಿಕದ ಮಾನದಂಡದ ಅಪೆಂಡಿಕ್ಸ್ ಜಿ ಪ್ರಕಾರ ಬೇಸ್‌ಲೈನ್ (ಹೋಲಿಕೆಗೆ ಇಟ್ಟ) ಕಟ್ಟಡವನ್ನು 90 ಡಿಗ್ರಿಯಂತೆ ತಿರುಗಿಸಿ ನಾಲ್ಕು ಸಲ ಓಡಿಸಿ ಸರಾಸರಿ ತೆಗೆಯಬೇಕು. ಹಾಗೆ ತಿರುಗಿಸಲು ನಾರ್ತ್ ಆಕ್ಸಿಸ್ (ಉತ್ತರ ದಿಕ್ಕಿನ ಕೋನ) ಬದಲಿಸಿದಾಗ ಕೋಣೆಯ ನೆರಳು, ಕಟ್ಟಡದ ನೆರಳು ಎರಡೂ ಕಟ್ಟಡದ ಜೊತೆ ತಿರುಗುತ್ತವೆ. ಸೈಟಿನ ನೆರಳು ಇದ್ದಲ್ಲೇ ನಿಲ್ಲುತ್ತದೆ. ಪಕ್ಕದ ಮನೆಯನ್ನು ಕಟ್ಟಡದ ಗುಂಪಿಗೆ ಹಾಕಿದ್ದರೆ ಪಕ್ಕದ ಮನೆಯೂ ನಿಮ್ಮ ಜೊತೆ ಗಿರಗಿರ ಸುತ್ತುತ್ತದೆ. 30×40 ಅಡಿ ಸೈಟುಗಳ ಬಡಾವಣೆಯಲ್ಲಿ ಪಕ್ಕದವರ ಗೋಡೆ ಕೈಗೆ ಎಟಕುವಷ್ಟು ಹತ್ತಿರ. ಅದನ್ನು ಬಿಟ್ಟರೆ ಮನೆ ಮೈದಾನದಲ್ಲಿ ಕಟ್ಟಿದಂತೆ ಲೆಕ್ಕ ಬರುತ್ತದೆ.

ಜಾಲಿ ಮಾತ್ರ ದಯವಿಟ್ಟು ತೂತು ತೂತಾಗಿ ಬರೆಯಬೇಡಿ. ಒಂದೊಂದು ಮುಖಕ್ಕೂ ಎಂಜಿನ್ ನೆರಳಿನ ಲೆಕ್ಕ ಮಾಡುತ್ತದೆ. ಒಂದೇ ಹಾಳೆ ಬರೆದು, ಅರ್ಧ ಬೆಳಕು ಬಿಡುತ್ತದೆ ಅಂತ ಟ್ರಾನ್ಸ್‌ಮಿಟೆನ್ಸ್ ಶೆಡ್ಯೂಲು ಕೊಟ್ಟರೆ ಸಾಕು.

ಸ್ಕೆಚಪ್ ಬೇಡ ಅನ್ನುವವರಿಗೆ ಅಪ್ಲಿಕೇಷನ್‌ನ ಒಳಗೇ ಫ್ಲೋರ್‌ಸ್ಪೇಸ್ ಜೆಎಸ್ ಎಂಬ ಎಡಿಟರ್ ಇದೆ. ಇದರಲ್ಲಿ ಮೇಲಿಂದ ನೋಡಿದ ಪ್ಲಾನ್ ಮಾತ್ರ ಬರೆಯುತ್ತೀರಿ. ಮಹಡಿಗೆ ಎತ್ತರ ಕೊಟ್ಟರೆ ಅದೇ ಮೂರು ಆಯಾಮಕ್ಕೆ ಏರಿಸಿಕೊಳ್ಳುತ್ತದೆ. ಪ್ಲಾನ್‌ನ ಚಿತ್ರವನ್ನು ಕೆಳಗೆ ಹಾಸಿಕೊಂಡು ಮೇಲೆ ಗೆರೆ ಎಳೆಯಬಹುದು. ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಕೂದಲೆಳೆ ಸಂದಿನ ಕಾಟ ತುಂಬಾ ಕಡಿಮೆ. ಕಿಟಕಿಯನ್ನು ಒಮ್ಮೆ ಹೇಳಿಕೊಟ್ಟು ಗೋಡೆಗಳ ಮೇಲೆ ಒತ್ತುತ್ತಾ ಹೋಗಬಹುದು. ಆಫೀಸು, ಆಸ್ಪತ್ರೆ, ಹಾಸ್ಟೆಲ್, ಅಪಾರ್ಟ್‌ಮೆಂಟ್ ಇವಕ್ಕೆ ನಾನು ಈಗ ಇದನ್ನೇ ಬಳಸುತ್ತೇನೆ. ಎಚ್‌ವಿಎಸಿ (ಎಸಿ ಮತ್ತು ಗಾಳಿ ವ್ಯವಸ್ಥೆ) ಡ್ರಾಯಿಂಗ್ ಇನ್ನೂ ಬರದ ಕಟ್ಟಡದಲ್ಲಿ ಹೊರಗೋಡೆಯಿಂದ 15 ಅಡಿ ಒಳಕ್ಕೆ ಒಂದು ಗೆರೆ ಎಳೆದು, ಅಂಚಿನ ವಲಯ ಬೇರೆ, ನಡುವಿನದು ಬೇರೆ ಮಾಡುವ ಕೆಲಸ ಇದರಲ್ಲಿ ನೀರು ಕುಡಿದಷ್ಟು ಸುಲಭ.

ಎತ್ತರದ ಅಪಾರ್ಟ್‌ಮೆಂಟ್ ಇದ್ದರೆ ಎಲ್ಲ ಮಹಡಿಯನ್ನೂ ಬರೆಯುವ ಹಟ ಬೇಡ. ಕೆಳಗಿನದು, ಮೇಲಿನದು, ನಡುವಿನ ಒಂದು. ನಡುವಿನದಕ್ಕೆ ಮಲ್ಟಿಪ್ಲೈಯರ್ (ಇಂಥವು ಎಷ್ಟು ಮಹಡಿ ಅನ್ನುವ ಸಂಖ್ಯೆ) ಹಾಕಿ, ಅದರ ನೆಲ ಮತ್ತು ಸೀಲಿಂಗನ್ನು ಅಡಿಯಾಬ್ಯಾಟಿಕ್ (ಶಾಖ ದಾಟದಂತೆ) ಮಾಡಿ. ಆ ಮಹಡಿಯನ್ನು ಕಟ್ಟಡದ ನಡು ಎತ್ತರದಲ್ಲೇ ತೇಲಿಸಿ ಇಡಿ, ಯಾಕೆಂದರೆ ಗಾಳಿಯ ವೇಗ, ಹೊರಗಿನ ಉಷ್ಣತೆ ಎರಡನ್ನೂ ಎಂಜಿನ್ ಎತ್ತರ ನೋಡಿ ಬದಲಿಸುತ್ತದೆ. ಪರದೆ ಮೇಲೆ ನೋಡಲು ವಿಚಿತ್ರವಾಗಿರುತ್ತದೆ. ಕ್ಲೈಂಟ್‌ಗೆ ಆ ಚಿತ್ರ ತೋರಿಸಬೇಡಿ, ಅಷ್ಟೇ.

ಹಂಚಿನ ಮಾಡು ಬಂದರೆ ನಾನು ಸ್ಕೆಚಪ್‌ಗೆ ವಾಪಸ್. ಚಿಕ್ಕಮಗಳೂರು ಕಡೆಯ ಒಂದು ರೆಸಾರ್ಟ್‌ನವರಿಗೆ ತೊಟ್ಟಿ ಮನೆ ಬೇಕಿತ್ತು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ನಾಲ್ಕೂ ಕಡೆಯಿಂದ ಒಳಕ್ಕೆ ಇಳಿದ ಮಾಡು, ಸುತ್ತ ಜಗಲಿ. ತೊಟ್ಟಿಗೆ ಸ್ಪೇಸ್ ಬರೆಯಬಾರದು, ಅದು ಹೊರಗು. ತೊಟ್ಟಿ ಕಡೆಯ ಗೋಡೆಗಳು ನೀಲಿಯಾಗಿಯೇ ಇರಬೇಕು. ಜಗಲಿಯ ಮಾಡನ್ನು ನೆರಳಿನ ಹಾಳೆಯಾಗಿ ಬರೆದೆ. ಕೋಣೆಯ ಸೀಲಿಂಗಿಗೂ ಹಂಚಿಗೂ ನಡುವಿನ ಜಾಗ ಬೇರೆ ವಲಯ, ಗಾಳಿ ಚೆನ್ನಾಗಿ ಆಡುವ, ಎಸಿ ಇಲ್ಲದ ವಲಯ. ಸುತ್ತು ಹಜಾರ ಚೌಕಟ್ಟಿನ ಆಕಾರದ್ದು, ಅದನ್ನು ನಾಲ್ಕು ತುಂಡು ಮಾಡಿ ನಡುವೆ ಏರ್ ವಾಲ್ (ಲೆಕ್ಕಕ್ಕಷ್ಟೇ ಇರುವ, ನಿಜದಲ್ಲಿ ಇಲ್ಲದ ಗೋಡೆ) ಇಟ್ಟೆ. ಹಾಗೆ ತುಂಡು ಮಾಡುವುದು ಎಲ್ಲರಿಗೂ ಬೇಕಿಲ್ಲ. ಎಂಜಿನ್‌ನಲ್ಲಿ ಸೋಲಾರ್ ಡಿಸ್ಟ್ರಿಬ್ಯೂಷನ್ ಎಂಬ ಸೆಟ್ಟಿಂಗ್ ಫುಲ್ ಎಕ್ಸ್‌ಟೀರಿಯರ್ ಅಂತ ಇದ್ದರೆ ಕಿಟಕಿಯಿಂದ ಬಂದ ನೇರ ಬಿಸಿಲು ಪೂರ್ತಿ ನೆಲಕ್ಕೆ ಬಿತ್ತು ಅಂತಲೇ ಲೆಕ್ಕ, ಆಕಾರ ಹೇಗಿದ್ದರೂ ನಡೆಯುತ್ತದೆ. ಬಿಸಿಲು ಒಳಗಿನ ಯಾವ ಗೋಡೆಗೆ ಬೀಳುತ್ತದೆ ಅಂತ ಬೇಕಾದರೆ ಮಾತ್ರ ವಲಯ ಒಳಬಾಗದೆ ಇರಬೇಕು.

ಆರ್ಕಿಟೆಕ್ಟ್‌ಗಳು ಬಳಸುವ ರೆವಿಟ್ ಎಂಬ ಪ್ರೋಗ್ರಾಂನಿಂದ ಜಿಬಿಎಕ್ಸ್‌ಎಂಎಲ್ (ಕಟ್ಟಡವನ್ನು ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಸಾಗಿಸುವ ಫೈಲು) ತೆಗೆದು ಇದಕ್ಕೆ ತರಬಹುದಲ್ಲ ಅಂತ ಕೇಳುತ್ತಾರೆ. ತರಬಹುದು. ರೂಮುಗಳನ್ನು ಶಿಸ್ತಾಗಿ ಇಟ್ಟ ರೆವಿಟ್ ಮಾಡೆಲ್ ಆದರೆ ಚೆನ್ನಾಗಿಯೇ ಬರುತ್ತದೆ. ಕಂಬ, ಫಾಲ್ಸ್ ಸೀಲಿಂಗು, ಡಕ್ಟು ಎಲ್ಲದರ ಸುತ್ತ ರೂಮು ಅಂಕುಡೊಂಕಾಗಿದ್ದರೆ ಬೆರಳಗಲದ ಮುಖಗಳು ರಾಶಿ ಬೀಳುತ್ತವೆ. ಅದನ್ನು ಗುಡಿಸುವ ಹೊತ್ತಿಗೆ ನಾನು ಫ್ಲೋರ್‌ಸ್ಪೇಸ್‌ನಲ್ಲಿ ಹೊಸದಾಗಿ ಬರೆದು ಕಾಫಿ ಕುಡಿದಿರುತ್ತೇನೆ.

ಖರ್ಚಿನ ಮಾತು. ಓಪನ್‌ಸ್ಟುಡಿಯೋ ಫ್ರೀ ಆದರೂ ಪ್ಲಗಿನ್‌ಗೆ ಡೆಸ್ಕ್‌ಟಾಪ್ ಸ್ಕೆಚಪ್ ಬೇಕು, ಅದಕ್ಕೆ ಈಗ ವರ್ಷ ವರ್ಷ ದುಡ್ಡು ಕಟ್ಟಬೇಕು. ಫ್ರೀಯಾಗಿ ಸಿಗುವ ಬ್ರೌಸರ್ ಸ್ಕೆಚಪ್‌ಗೆ ಪ್ಲಗಿನ್ ಹಾಕಲು ಬರುವುದಿಲ್ಲ. ಫ್ರೀ ಡೆಸ್ಕ್‌ಟಾಪ್ ಸ್ಕೆಚಪ್ 2017ಕ್ಕೇ ನಿಂತುಹೋಯಿತು. ಡಿಸೈನ್‌ಬಿಲ್ಡರ್ ಎಂಬ ಇನ್ನೊಂದು ಪ್ರೋಗ್ರಾಂ ಕೂಡ ಒಳಗೆ ಎನರ್ಜಿಪ್ಲಸ್ಸೇ, ಬ್ಲಾಕ್ ಎಳೆದು ಪಾರ್ಟಿಷನ್ ಹಾಕಿದರೆ ಪಕ್ಕದ ಗೋಡೆಗಳ ಗಂಟು ತಾನೇ ಹಾಕಿಕೊಳ್ಳುತ್ತದೆ. ಕೈಗೆ ಹಗುರ, ಆದರೆ ಲೈಸೆನ್ಸು ಕೊಳ್ಳಬೇಕು. ಈಕ್ವೆಸ್ಟ್ ಫ್ರೀ, ವಿಝಾರ್ಡ್ ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಹೋದರೆ ಕಟ್ಟಡ ತಯಾರು. ಅದರ ಎಂಜಿನ್ ಡಿಒಇ-2.2. ತೊಟ್ಟಿ ಮನೆಗೆ ಅದನ್ನು ಮುಟ್ಟಲಾರೆ.

ನನ್ನ ಲೆಕ್ಕದಲ್ಲಿ ಕಾಲೇಜು ಮಕ್ಕಳಿಗೆ, ಇಬ್ಬರು ಮೂವರ ಆಫೀಸಿಗೆ, ಕಣ್ಣು ಮುಚ್ಚಿ ಓಪನ್‌ಸ್ಟುಡಿಯೋ ಮತ್ತು ಫ್ಲೋರ್‌ಸ್ಪೇಸ್. ಓರೆ ಮಾಡು, ಅಂಕುಡೊಂಕು ಸೈಟು ಜಾಸ್ತಿ ಬರುವವರು ಮಾತ್ರ ಸ್ಕೆಚಪ್‌ಗೆ ದುಡ್ಡು ಹಾಕಿ. ತಿಂಗಳಿಗೆ ಹತ್ತು ರಿಪೋರ್ಟು ಕಳಿಸುವ ದೊಡ್ಡ ಆಫೀಸಿನವರಿಗೆ ಡಿಸೈನ್‌ಬಿಲ್ಡರ್‌ನ ದುಡ್ಡು ಬೇಗ ಹುಟ್ಟುತ್ತದೆ.

ಯಾವುದನ್ನೇ ತಗೊಳ್ಳಿ, ಮೊದಲ ರನ್ ಆದ ಕೂಡಲೇ ಕೂಲಿಂಗ್ ಲೋಡ್ ನೋಡಲು ಓಡಬೇಡಿ. ಎರರ್ ಫೈಲು ತೆಗೆದು ಸಿವಿಯರ್ ಅಂತ ಬರೆದದ್ದನ್ನೆಲ್ಲ ಓದಿ. ಆಮೇಲೆ ರಿಪೋರ್ಟಿನ ಒಟ್ಟು ಚದರ ಮೀಟರನ್ನು ಆರ್ಕಿಟೆಕ್ಟ್ ಕೊಟ್ಟ ಏರಿಯಾ ಸ್ಟೇಟ್‌ಮೆಂಟ್ ಪಕ್ಕದಲ್ಲಿ ಇಟ್ಟು ನೋಡಿ. ಗೋಡೆ ದಪ್ಪದ ಲೆಕ್ಕದಲ್ಲಿ ಎರಡು ಮೂರು ಶೇಕಡಾ ಆಚೀಚೆ ಆಗುವುದು ಸಹಜ. ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲೋ ಒಂದು ಮೆಟ್ಟಿಲುಕೋಣೆ ಬಿಟ್ಟುಹೋಗಿದೆ, ಇಲ್ಲವೇ ಆರ್ಕಿಟೆಕ್ಟ್ ಬಾಲ್ಕನಿಯನ್ನೂ ಸೇರಿಸಿ ಕೊಟ್ಟಿದ್ದಾರೆ. ಫೋನ್ ಮಾಡಿ ಕೇಳಿ.